ಸಂಘ ಸೇರಿದ ರುಕ್ಮವ್ವ

ಹೂವಿನ ಹಿಪ್ಪರಗಿಯ ರುಕ್ಮವ್ವನಿಗೆ ಗಂಡ ತೀರಿಕೊಂಡ ಮೇಲೆ ಹೊಲದ ಜೊತೆಗೆ ಅವನ ಬಂದೂಕಿನ ಲೈಸೆನ್ಸೂ ಬಂತು. ಶೇಂಗಾ ಬೆಳೆಗೆ ನುಗ್ಗುವ ಕಾಡುಹಂದಿಗಳನ್ನು ಆಕೆ ಗಾಳಿಯಲ್ಲಿ ಗುಂಡು ಹಾರಿಸಿ ಓಡಿಸುತ್ತಿದ್ದಳು.

ಬಂದೂಕು ಇಟ್ಟುಕೊಂಡ ರೈತರು ಸಂಘ ಕಟ್ಟಿದಾಗ ಪಕ್ಕದ ಹೊಲದ ಮಡಿವಾಳಪ್ಪ ಆಕೆಯನ್ನು ಕರೆಯಲು ಬಂದ.

"ಅಕ್ಕಾರ, ನೀವೂ ಸೇರ್ರಿ."

"ಹಂದಿ ಓಡಿಸಾಕ ಸಂಘ ಯಾಕ ಬೇಕೋ ತಮ್ಮಾ?" ಎಂದು ರುಕ್ಮವ್ವ ನಕ್ಕುಬಿಟ್ಟಳು.

ಎಪ್ಪತ್ತೇಳರ ಚುನಾವಣೆಗೆ ಪೊಲೀಸರು ಎಲ್ಲರ ಬಂದೂಕುಗಳನ್ನೂ ಠಾಣೆಯಲ್ಲಿ ಇಡಿಸಿಕೊಂಡರು. ಮತ ಎಣಿಕೆ ಮುಗಿದರೂ ತಿರುಗಿ ಕೊಡಲಿಲ್ಲ. ರುಕ್ಮವ್ವ ಒಬ್ಬಳೇ ಹೋಗಿ ಕೇಳಿದಾಗಲೆಲ್ಲ ಪೇದೆ, "ಸಾಹೇಬ್ರಿಲ್ಲ, ನಾಳಿ ಬಾರವ್ವಾ" ಎನ್ನುತ್ತಿದ್ದ. ಅಷ್ಟರಲ್ಲಿ ಹಂದಿಗಳು ಹೊಲದ ಒಂದು ಮೂಲೆಯನ್ನೇ ಕಿತ್ತು ತಿಂದವು. ಆಕೆ ನೆಟ್ಟಗೆ ಮಡಿವಾಳಪ್ಪನ ಮನೆಗೆ ನಡೆದಳು.

"ನನ್ನ ಹೆಸರೂ ಬರಕೋ. ಆದ್ರ ಸಂಘ ಅಂದ್ರ ಬರೇ ಕುಂತು ಚಾ ಕುಡಿಯೂದಲ್ಲ. ನಾಳಿ ಎಲ್ಲಾರೂ ಕೂಡಿ ಠಾಣಾಕ ಹೋಗೂಣು."

ಮರುದಿನ ಚಕ್ಕಡಿಗಳ ತುಂಬ ಜನ ಹೊರಟರು. ಸಾಹೇಬರು ಅಂದೂ ಇರಲಿಲ್ಲ. "ಅವರು ಬರೂತನಕ ಇಲ್ಲೇ ಉಣ್ತೇವ್ರಿ" ಎಂದು ರುಕ್ಮವ್ವ ಠಾಣೆಯ ಬೇವಿನ ನೆರಳಲ್ಲಿ ರೊಟ್ಟಿ ಬುತ್ತಿ ಬಿಚ್ಚಿದಳು. ಪೇದೆಗಳಿಗೂ ಬಡಿಸಿದಳು. ಮಧ್ಯಾಹ್ನ ಬಂದ ಸಾಹೇಬರು ಆ ಪಂಕ್ತಿಯನ್ನು ನೋಡಿ ನಗು ತಡೆಯಲಾರದೆ, ಬಂದೂಕುಗಳಿದ್ದ ಕೋಣೆಯ ಬೀಗ ತೆಗೆಸಿದರು.

ಊರಿಗೆ ಮರಳುವಾಗ ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಚಕ್ಕಡಿಯಲ್ಲಿ ಕುಳಿತ ರುಕ್ಮವ್ವ ದಾರಿಯುದ್ದಕ್ಕೂ ಸೋಬಾನೆ ಹಾಡಿದಳು. ಗಂಡಸರೂ ನಾಚಿಕೆ ಬಿಟ್ಟು ದನಿಗೂಡಿಸಿದರು.