ರಾಣಿಯ ತಿಂಗಳ ಬಟ್ಟೆ

ನೇಪಲ್ಸಿನ ಅರಮನೆಯಲ್ಲಿ ರಾಣಿಯ ಹೊಟ್ಟೆಯ ಸುದ್ದಿ ರಾಜನಿಗಿಂತ ಮೊದಲು ತಿಳಿಯುತ್ತಿದ್ದದ್ದು ಅಗಸಗಿತ್ತಿ ಕಾರ್ಮೊಸೀನಳಿಗೆ. ಇಪ್ಪತ್ತು ವರ್ಷ ಬೂದಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳುಗಳು ಬೆಂದ ಹಾಗಾಗಿದ್ದವು. ರಾಣಿಯ ತಿಂಗಳ ಬಟ್ಟೆ ಒಗೆದು ಮಾಳಿಗೆಯ ಹಗ್ಗಕ್ಕೆ ಹರವುವ ಕೆಲಸ ಅವಳೊಬ್ಬಳದೇ.

ರಾಣಿ ಉತ್ತರದ ಚಳಿದೇಶದಿಂದ ಬಂದ ಎಳೆಯ ಹುಡುಗಿ. ತವರಿನವರು ಮದುವೆಯ ಕರಾರಿನಲ್ಲಿ ಒಂದು ಮಾತು ಬರೆಸಿದ್ದರು: ಗಂಡು ಹೆತ್ತ ದಿನದಿಂದ ಅವಳಿಗೆ ಮಂತ್ರಿಗಳ ಸಭೆಯಲ್ಲಿ ಕುರ್ಚಿ ಹಾಕಬೇಕು. ಆ ಕುರ್ಚಿ ಬಂತೆಂದರೆ ಅಲ್ಲಿಯವರೆಗೆ ರಾಜ್ಯ ನಡೆಸುತ್ತಿದ್ದ ಮುದಿ ಮಂತ್ರಿಯ ಕುರ್ಚಿ ಹೋಯಿತೆಂದೇ ಲೆಕ್ಕ. ಅದಕ್ಕೇ ಅವನ ಕೈಯಾಳು ದೋನ್ ಲಿಬೋರಿಯೊ ಒಂದು ಬೆಳಿಗ್ಗೆ ಒಗೆಯುವ ಕಲ್ಲಿನ ಬಳಿಗೇ ಬಂದ.

"ಈ ತಿಂಗಳ ಬಟ್ಟೆ ಬಂತೇನೇ?"

ಬಂದಿರಲಿಲ್ಲ. ಹನ್ನೆರಡು ದಿನ ಮೀರಿತ್ತು. ನಿಜ ಹೇಳಿದರೆ ಆ ಹುಡುಗಿಯ ಊಟದಲ್ಲಿ ಏನು ಬೀಳುತ್ತದೋ!

"ಬಂತು ದಣಿ. ನಾಳೆ ಒಣಹಾಕ್ತೀನಿ," ಎಂದುಬಿಟ್ಟಳು.

"ಕಿಟಕಿಯಿಂದ ನೋಡ್ತಿರ್ತೀನಿ. ಕಲೆ ಕಾಣ್ಬೇಕು."

ಅಂದೇ ಅವಳು ಒಂದು ಹಾವುಮೀನು ಕೊಂಡಳು. ಅದರ ನೆತ್ತರನ್ನು ಬಟ್ಟೆಗೆ ಸವರಿ, ಅರ್ಧಂಬರ್ಧ ಒಗೆದು, ಮರುದಿನ ಹಗ್ಗಕ್ಕೆ ಹರವುತ್ತಿದ್ದಳು. ಹಿಂದಿನಿಂದ ಒಂದು ಕೈ ಬಂದು ಬಟ್ಟೆ ಎಳೆದುಕೊಂಡಿತು. ರಾಣಿಯ ಉಡುಪು ನೋಡಿಕೊಳ್ಳುವ ದೋನ್ನಾ ಪೋರ್ಜಿಯಾ! ಮೂಗಿಗೆ ಹಿಡಿದು ನೋಡಿದಳು.

"ನಮ್ಮ ರಾಣಿಯಮ್ಮ ಯಾವಾಗಿಂದ ಮೀನಾದ್ರೇ?"

ಕಾರ್ಮೊಸೀನ ಮೊಣಕಾಲೂರಿ ಎಲ್ಲ ಕಕ್ಕಿದಳು. ಪೋರ್ಜಿಯಾ ಬಟ್ಟೆಯನ್ನು ತಾನೇ ಮತ್ತೆ ಹಗ್ಗಕ್ಕೆ ಹರವಿದಳು.

"ಏಳು ಮೇಲೆ. ಮುಂದಿನ ತಿಂಗ್ಳು ಕೋಳಿ ಕುಯ್ಯಿ. ಇದು ನಾರ್ತದೆ."

ನಾಲ್ಕು ತಿಂಗಳು ಹೀಗೇ ಸಾಗಿತು. ಐದನೆಯದರಲ್ಲಿ ಹೊಟ್ಟೆ ಯಾವ ಲಂಗಕ್ಕೂ ಅಡಗಲಿಲ್ಲ; ಆದರೆ ಆಗ ರಾಣಿಯ ಊಟಕ್ಕೆ ರಾಜನ ಕಾವಲಿತ್ತು. ಲಿಬೋರಿಯೊ ಮತ್ತೆ ಬಂದ, ನಗುತ್ತಲೇ ಬಂದ.

"ಬಟ್ಟೇಲಿದ್ದದ್ದು ಕೋಳಿ ನೆತ್ತರೋ ಪಾರಿವಾಳದ್ದೋ? ನಿನ್ನ ಹಿಡಿದ್ರೆ ಬಸುರಿ ರಾಣಿ ರಂಪ ಮಾಡ್ತಾಳೆ ಅಂತ ಈಗ ಬಿಟ್ಟಿದೀನಿ. ಹೆಣ್ಣು ಹುಟ್ಲಿ, ನಮ್ಮ ದಣಿ ಕುರ್ಚೀಲಿ, ನೀನು ನೆಲಮಾಳಿಗೆ ಸೆರೇಲಿ."

ಕಡೆಗೊಂದು ಬೆಳಿಗ್ಗೆ, ಕೈ ತೊಟ್ಟಿಯಲ್ಲಿದ್ದಾಗಲೇ, ಕೋಟೆಯ ತೋಪು ಹಾರಿತು. ಹೆಣ್ಣಾದರೆ ಇಪ್ಪತ್ತೊಂದು, ಗಂಡಾದರೆ ನೂರೊಂದು. ತುಟಿಯಲ್ಲೇ ಎಣಿಸಿದಳು. ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದು.

ಸದ್ದಿಲ್ಲ.

"ಏ ಜೆನ್ನಾರೊ, ಹಳದಿ ಮೋರೆಯವ್ನೇ!" ಇಗರ್ಜಿಯಲ್ಲಿ ಚಿನ್ನದ ಮೂರ್ತಿಯಾಗಿ ಕೂತ ಊರ ಸಂತನನ್ನೇ ಬೈದಳು. "ಇಷ್ಟು ವರ್ಷ ನಿನ್ನ ಮುಂದೆ ಮೇಣದ ಬತ್ತಿ ಸುಟ್ಟಿದ್ದು ದಂಡಾನೇನೋ, ಕಿವುಡಾ?"

ತೋಪಿನವರು ಮದ್ದು ತುಂಬಲು ತಡಮಾಡಿದ್ದರೋ ಏನೋ, ಇಪ್ಪತ್ತೆರಡನೆಯದು ಗುಡುಗಿತು. ಅವಳು ಒದ್ದೆ ಕೈಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡಳು. ಮೇಲೆ ಲಿಬೋರಿಯೊ ಕಿಟಕಿ ಮುಚ್ಚುತ್ತಿದ್ದ.

ಆಮೇಲೆ ಹನ್ನೊಂದು ವರ್ಷ ಅದೇ ಕಲ್ಲಿನ ಮೇಲೆ ಒಗೆದಳು. ಕ್ರಿಸ್ಮಸ್ಸಿನ ಹಿಂದಿನ ದಿನ ಊರೆಲ್ಲ ಹಾವುಮೀನು ಕರಿದರೆ, ಅವಳ ಮನೆಯಲ್ಲಿ ಮಾತ್ರ ಕೋಸಿನ ಸಾರು. ಹಾವುಮೀನಿನ ವಾಸನೆ ಬಂದರೆ ಸಾಕು, ಅವಳು ಎದ್ದು ಕಿಟಕಿ ಮುಚ್ಚುತ್ತಿದ್ದಳು.