ಓಟದ ತಿರುವಿನಲ್ಲಿ ಕಾಲಿಗೆ ನೀರು

ರಾಮದುರ್ಗದಲ್ಲಿ ವರ್ಷಕ್ಕೊಮ್ಮೆ ನಡೆಯುವ ಹತ್ತು ಕಿಲೋಮೀಟರ್ ಓಟಕ್ಕೆ ನಾನು ಮಳೆಗಾಲದಿಂದಲೇ ತಯಾರಿ ನಡೆಸಿದ್ದೆ. ಯಾವ ದಿನ ಎಷ್ಟು ಓಡಿದೆ, ಎಷ್ಟು ನಾಯಿ ಬೆನ್ನತ್ತಿದವು ಎಂಬುದನ್ನೂ ಬರೆದಿಟ್ಟಿದ್ದೆ. ಓಟದ ಹಿಂದಿನ ದಿನ ದಾರಿಯ ನಕ್ಷೆ ಕೈಗೆ ಬಂತು. ಅರ್ಧ ದೂರ ಓಡಿ ತಿರುಗಿ ಬರಬೇಕಾದ ಜಾಗ, ಅಕ್ಕನನ್ನು ನೋಡಲು ಬಂದಿದ್ದ ಗಂಡಿನ ಮನೆಯ ಬಾಗಿಲೇ ಆಗಿತ್ತು.

ಅವರು ಬಂದುಹೋಗಿ ಹದಿನೈದು ದಿನವಾಗಿತ್ತು. ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಅಕ್ಕನಿಗೋ ಹುಡುಗ ಮನಸ್ಸಿಗೆ ಬಂದಿದ್ದ.

"ಬಾಗಲತನಕಾ ಹೋಗಿ, ಒಳಗ ಹೋಗದ ಹೊಳ್ಳಿ ಬಂದ್ರ ಅವರು ಏನ್ ತಿಳಕೋತಾರ?" ಎಂದ ಅಪ್ಪ.

"ಅದು ಓಟ ಅಪ್ಪಾ. ಎಲ್ಲಾರೂ ಹೊಳ್ಳತಾರ."

"ಎಲ್ಲಾರ ಅಕ್ಕನ್ನೂ ಅವರು ನೋಡಿಹೋಗ್ಯಾರೇನು?"

ಅಡುಗೆಮನೆಯಿಂದ ಅಕ್ಕ ಹೇಳಿದಳು: "ಒಂದು ಕಪ್ ಚಾ ಕುಡದು ಓಡು. ನೀ ಏನು ಫಸ್ಟ್ ಬರಾಂವ ಅದಿ?"

ಚಹಾಕ್ಕೆಂದು ಮೂರು ನಿಮಿಷ ತೆಗೆದಿಟ್ಟೆ.

ಮರುದಿನ ಬೆಳಿಗ್ಗೆ ತಿರುವು ಹತ್ತಿರವಾದಂತೆ, ಓಟಗಾರರೆಲ್ಲ ಗುಂಪುಗೂಡಿ ನಿಂತಿರುವುದು ಕಂಡಿತು. ಗಂಡಿನ ಅಪ್ಪ ಧೋತರ ಮೇಲೆತ್ತಿ ಕಟ್ಟಿ, ತುಂಬಿದ ಚೊಂಬು ಹಿಡಿದು ರಸ್ತೆಯ ನಡುವೆ ನಿಂತಿದ್ದರು. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ರೂಢಿ. ಇಷ್ಟೊಂದು ಜನ ತಮ್ಮ ಬಾಗಿಲವರೆಗೆ ಬಂದು, ಒಳಗೆ ಹಣಕಿಯೂ ನೋಡದೆ ತಿರುಗಿ ಹೋಗುವುದನ್ನು ಅವರಿಂದ ಸಹಿಸಲಾಗಿರಲಿಲ್ಲ. ಮುಂದಿದ್ದ ನಾಲ್ಕೈದು ಮಂದಿ ಮಾತ್ರ ಹೇಗೋ ತಪ್ಪಿಸಿಕೊಂಡಿದ್ದರು.

"ಬಂದವರು ಹಂಗ ಹೋದ್ರ ಹೆಂಗ್ರಿ? ಕಾಲ ತೊಳಕೋರಿ."

"ಅಜ್ಜಾರ, ರೇಸ್ ಐತ್ರಿ," ಎಂದ ಕೆಂಪು ಬನಿಯನ್ನಿನವನೊಬ್ಬ.

"ಇರ್ಲಿ ಬಿಡ್ರಿ, ಅದೂ ಆಕ್ಕೈತಿ."

ಅವನು ಬೂಟು ಬಿಚ್ಚತೊಡಗಿದ. ತಿರುವು ತೋರಿಸಲೆಂದು ಸೀಟಿ ಕೊಟ್ಟು ನಿಲ್ಲಿಸಿದ್ದ ಸ್ವಯಂಸೇವಕ ಆಗಲೇ ಕಟ್ಟೆಯ ಮೇಲೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದ.

"ನೀವು ಹುಡುಗಿ ತಮ್ಮ ಅಲ್ಲೇನು? ನೀವು ಒಳಗ ಬರ್ರಿ," ಎಂದು ಹಿರಿಯರು ನನ್ನ ಕೈಹಿಡಿದರು.

ಕಾಲು ತೊಳೆದು ಒಳಗೆ ಕುಳಿತೆ. ಗಂಡಿನ ಅವ್ವ ಉಪ್ಪಿಟ್ಟು ಹಾಕಿದರು. ಗಡಿಯಾರ ನೋಡುತ್ತ ಮುಗಿಸಿದೆ. ಮತ್ತೆ ಹಾಕಿದರು. ಬೇಡವೆಂದರೆ ರುಚಿಯಾಗಿಲ್ಲ ಎಂದಂತೆ. ಅದನ್ನೂ ಮುಗಿಸಿದೆ.

ನಾನು ಏಳುತ್ತಲೇ ಹಿರಿಯರು ಮಗನಿಗೆ, "ಹೊಟ್ಟಿ ತುಂಬ ತಿಂದಾರ, ಹೆಂಗ ಓಡ್ತಾರ? ಗಾಡಿ ಮ್ಯಾಲ ಬಿಟ್ಟು ಬಾ," ಎಂದರು.

"ಗಾಡಿ ಹತ್ತಿದ್ರ ಓಟದಾಗಿಂದ ತಗೀತಾರ್ರಿ," ಎಂದೆ.

"ಹಂಗಾರ ನಡಕೊಂಡು ಹೋಗಿ ಕಳಿಸಿ ಬಾ. ಬಂದವರನ್ನ ಒಬ್ಬರನ್ನೇ ಕಳಸಬಾರದು."

ಹೀಗೆ ಅಕ್ಕನ ಗಂಡಾಗಬಹುದಾದವನು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಚಪ್ಪಲಿ ಮೆಟ್ಟಿ ನನ್ನ ಜೊತೆ ಓಡತೊಡಗಿದ. ತನ್ನ ಊರು ದಾಟಿದರೂ ಹಿಂದಿರುಗಲಿಲ್ಲ.

"ಅವತ್ತ ಒಂದು ಮಾತು ಕೇಳೂದಿತ್ತು. ಹಿರ್ಯಾರು ಕುಂತಿದ್ರು," ಎಂದ.

"ಕೇಳ್ರಿ," ಎಂದೆ. ಉಪ್ಪಿಟ್ಟು ಗಂಟಲಿಗೆ ಬರುತ್ತಿತ್ತು.

"ನಿಮ್ಮ ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಮನಸ್ಸಿಲ್ಲದಾಕಿನ್ನ ಹೆಂಗ ಕಟಗೋಬೇಕು? ಅದಕ್ಕ ನಮ್ಮಪ್ಪಗ ಏನೂ ಹೇಳಿಲ್ಲ."

"ನೋಡ್ಯಾಳ್ರಿ. ನಿಮ್ಮ ಅಂಗಿ ಎರಡನೇ ಗುಂಡಿಗೆ ಕರೀ ದಾರ, ಉಳಿದವಕ್ಕೆಲ್ಲಾ ಬಿಳೀದು. ಆವತ್ತಿಂದ ಅದನ್ನ ಹೇಳಾಕತ್ಯಾಳ."

ಅವನು ರಸ್ತೆಯ ಮೇಲೆ ಗಕ್ಕನೆ ನಿಂತ. ಆಮೇಲೆ ಚಪ್ಪಲಿ ಕಳಚಿ ಎರಡೂ ಕೈಯಲ್ಲಿ ಹಿಡಿದು ಎಂಥ ಓಟ ಓಡಿದನೆಂದರೆ, ಕೆಂಪು ಬನಿಯನ್ನಿನವನೂ ಹಿಂದೆ ಬಿದ್ದ. ನಾನಂತೂ ಕಾಣಿಸುವಷ್ಟು ದೂರದಲ್ಲೂ ಉಳಿಯಲಿಲ್ಲ.

ಓಟ ಮುಗಿಯುವ ಜಾಗ ನಾನು ಮುಟ್ಟಿದಾಗ ಅಲ್ಲಿಯ ಕಮಾನು ಬಿಚ್ಚುತ್ತಿದ್ದರು. ಓಡಿ ಮುಗಿಸಿದವರಿಗೆಲ್ಲ ಕೊಡುವ ಪದಕಗಳಲ್ಲಿ ನನ್ನ ಪಾಲಿನದನ್ನು, ಎದೆಯ ಮೇಲೆ ನಂಬರೇ ಇಲ್ಲದ ಅವನ ಕೊರಳಿಗೆ ಹಾಕಿಬಿಟ್ಟಿದ್ದರು.

ಸಂಜೆ ಅಪ್ಪನಿಗೆ ಫೋನ್ ಬಂತು. ಹಿರಿಯರ ದನಿ ಪಡಸಾಲೆಗೆಲ್ಲ ಕೇಳಿಸಿತು.

"ಬೀಗರ, ನಿಮ್ಮ ಹುಡುಗನ ಪದಕ ನಮ್ಮ ಮನ್ಯಾಗ ಉಳದೈತಿ. ಒಯ್ಯಾಕ ಎಲ್ಲಾರೂ ಕೂಡೇ ಬರ್ರಿ. ಬರುವಾಗ ಪಂಚಾಂಗ ನೋಡಿಸ್ಕೊಂಡು ಬರ್ರಿ."