ಅಕ್ಕ ಹೋಗದ ಬಾಣಂತನ

ಎದುರು ಫ್ಲ್ಯಾಟಿನ ಅಕ್ಕನ ಅಂಗೈಗೆ ಸದಾ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ವಾಸನೆ. ಹೊರಗೆ ನಕಾಬಿನಲ್ಲಿ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ನಮ್ಮ ಮನೆಯೊಳಗೆ ಬಂದರೆ ಅದನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ, "ನಿನ್ನ ಗಂಡ ಬರುವ ಮೊದ್ಲು ಹೇಳು ಮಾರಾಯ್ತಿ" ಎನ್ನುತ್ತ ಕೆಲಸಕ್ಕಿಳಿಯುತ್ತಿದ್ದರು.

ನನ್ನ ಹೆರಿಗೆಗೆ ಉಡುಪಿಯಿಂದ ಅಮ್ಮನಿಗೆ ಬರಲಾಗಲಿಲ್ಲ. ಗಲ್ಫಿನ ಹಮ್ದಾನ್ ಸ್ಟ್ರೀಟಿನ ಆ ಇಕ್ಕಟ್ಟಿನ ಬಚ್ಚಲಲ್ಲಿ ಕಾಲು ನೀಡಿ ಕೂತು ನನ್ನ ಮಗುವನ್ನು ಮೀಯಿಸಿದ್ದು, ನನಗೆ ಮೆಂತೆ ಗಂಜಿ ಕುಡಿಸಿದ್ದು ಪುತ್ತೂರು ಕಡೆಯ ಈ ಬ್ಯಾರಿ ಅಕ್ಕನೇ.

ಆಮೇಲೆ ಫ್ರಾನ್ಸಿನಲ್ಲಿದ್ದ ಅವರ ಮಗಳು ಬಸುರಿಯಾದಳು. ಅಲ್ಲಿ ಬೀದಿಯಲ್ಲಿ ಮುಖ ಮುಚ್ಚುವಂತಿಲ್ಲ; ನಕಾಬು ತೆಗೆದು ಹೋಗಲಾರೆ ಎಂದರು ಅಕ್ಕ. ಸುದ್ದಿ ಹರಡಿದ್ದೇ ತಡ, ರಜೆಯ ದಿನ ನಮ್ಮಲ್ಲಿ ಚಾ ಕುಡಿಯಲು ಬಂದ ಗಂಡಸರೆಲ್ಲ ವಕೀಲರಾದರು.

"ಆ ದೇಶಕ್ಕೆ ಆ ದೇಶದ ಕಾನೂನು."

"ನಾಳೆ ನಿನ್ನ ಹೆಂಡತಿಯ ಕುಂಕುಮಕ್ಕೂ ಬರ್ತಾರೆ, ನೋಡ್ತಾ ಇರು!"

ಹುಡುಗಿಗೆ ಎಷ್ಟು ತಿಂಗಳು ಎಂದು ಒಬ್ಬನಾದರೂ ಕೇಳಬೇಕಲ್ಲ! ಅಕ್ಕನಿಗೆ ಹೇಳಿದರೆ, "ಮುಖ ನನ್ನದು, ಮಾತು ಊರಿನದ್ದು. ಖಲಾಸ್" ಎಂದುಬಿಟ್ಟರು.

ನನಗೆ ಅವರ ಮೇಲೂ ಸಿಟ್ಟು. "ಎರಡು ತಿಂಗಳು ತೆಗೆದಿಟ್ರೆ ಎಂತ ಆಗ್ತದೆ ಅಕ್ಕ?"

"ಎಂತ ಆಗ್ಲಿಕ್ಕುಂಟು? ನೀನು ಚಡ್ಡಿ ಹಾಕಿಕೊಂಡು ನಿನ್ನ ಮಾವನ ಎದುರು ಹೋದ್ರೂ ಎಂತ ಆಗುದಿಲ್ಲ. ಹೋಗ್ತೀಯಾ?"

"ಉಮ್ಮಾ, ಮನೆಯೊಳಗೇ ಇರಿ, ಸಾಕು" ಎಂದು ಮಗಳು ಫೋನಿನಲ್ಲಿ ಅತ್ತಳು. "ಬಾಣಂತನಕ್ಕೆ ಬರುದಾ, ಜೈಲಿಗೆ ಬರುದಾ?" ಎಂದರು ಅಕ್ಕ. ಹೋಗಲಿಲ್ಲ. ಆ ಹಟಕ್ಕೂ, ಆ ಕಾನೂನಿಗೂ ಒಟ್ಟಿಗೇ ತಲೆ ಚಚ್ಚಿಕೊಂಡೆ.

ಮಗುವಿನ ಮೊದಲ ಸ್ನಾನ ವಿಡಿಯೋ ಕಾಲಿನಲ್ಲಾಯಿತು, ನಮ್ಮ ಅಡುಗೆಮನೆಯಿಂದ. "ಕುತ್ತಿಗೆ ಹಿಡಿ, ಕುತ್ತಿಗೆ ಹಿಡಿ!" ಎಂದು ಅಕ್ಕ ಕಿರುಚುತ್ತಿದ್ದರು. ಆಮೇಲೆ ಸಿಂಕಿನ ಕಡೆ ತಿರುಗಿ ಬಹಳ ಹೊತ್ತು ಎಣ್ಣೆ ಕೈ ತೊಳೆದರು.

ಹೋದ ವರ್ಷ ಅಕ್ಕ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಚಾ ಕುಡಿಯುವವರು ಇನ್ನೂ ಅದೇ ವಾದ ಮಾಡುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ.

ಅಕ್ಕನ ಮಗಳ ಎರಡನೇ ಹೆರಿಗೆಗೆ ಫ್ರಾನ್ಸಿಗೆ ನಾನು ಹೋದೆ. ಕುಂಕುಮವಿಟ್ಟ ನನ್ನ ಮುಖವನ್ನು ಆ ಬೀದಿಯಲ್ಲಿ ಯಾರೂ ತಿರುಗಿಯೂ ನೋಡಲಿಲ್ಲ. ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದೆ, ಕಾಲು ನೀಡಿ ಕೂತು ಮಗುವನ್ನು ಮಲಗಿಸಿಕೊಂಡೆ. ವಾಸನೆ ಬಂದದ್ದೇ, ಒಳಕೋಣೆಯಿಂದ ಆ ಹುಡುಗಿ "ಉಮ್ಮಾ" ಎಂದು ಕೂಗಿದಳು. ನಾನು ಮಗುವಿನ ಕುತ್ತಿಗೆ ಹಿಡಿದು ಎಣ್ಣೆ ಹಚ್ಚತೊಡಗಿದೆ. ಅಲ್ಲಿ ಕೂರಬೇಕಾದವಳು ನಾನಾಗಿರಲಿಲ್ಲ.